ಬೇರೆ ಗ್ರಹದ ಕೀಲಿಕೈ

ನಮ್ಮ ಸೋದರಮಾವನಷ್ಟು ಪುಕ್ಕಲು ಮನುಷ್ಯ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕು ಜಾಲಾಡಿದರೂ ಸಿಗಲಾರ. ಬೇರೊಂದು ಗ್ರಹದ ಸರ್ವಾಧಿಕಾರಿಯ ಕೋಟೆಯೊಳಗೇ ಇದ್ದು ಬಂಡಾಯಗಾರರಿಗೆ ಗುಟ್ಟಾಗಿ ನೆರವಾದವನೂ ಈ ಮೂರು ತಾಲ್ಲೂಕಿನಲ್ಲಿ ಅವನೊಬ್ಬನೇ! ಎರಡೂ ಸತ್ಯ. ಎರಡನೆಯದಕ್ಕೆ ಟೀವಿ ಸಾಕ್ಷಿ, ಮೊದಲನೆಯದಕ್ಕೆ ಅವನ ಹೆಂಡತಿ, ಅಂದರೆ ನಮ್ಮ ಅತ್ತೆ ಸಾಕ್ಷಿ.

ಮಾಮಾ ಕುಲಗೋಡದ ಬಯಲಾಟದ ಮೇಳದಲ್ಲಿ ಹಿಮ್ಮೇಳದವನು. ಮುಂದೆ ನಿಂತವರು ಹಾಡಿದ ಸಾಲನ್ನು ಹಿಂದೆ ನಿಂತು ಎತ್ತಿಕೊಳ್ಳುವುದು ಅವನ ಕೆಲಸ. ನಲವತ್ತು ವರ್ಷದಲ್ಲಿ ಒಮ್ಮೆಯೂ ಮುಂದೆ ಬರಲಿಲ್ಲ. ಮುಂದೆ ಬಂದರೆ ಜನ ನೋಡುತ್ತಾರಲ್ಲ! ಅಂಥವನು ಟೀವಿಗೆ ಹೋದದ್ದು ತನ್ನ ತಲೆಯ ದೆಸೆಯಿಂದ. ಬೇಸಿಗೆಯಲ್ಲಿ ನೀರಿಲ್ಲದ ಗೋಕಾಕ ಫಾಲ್ಸಿನ ಬಂಡೆಗಳನ್ನು ಬೇರೆ ಗ್ರಹವೆಂದು ತೋರಿಸಲು ಧಾರಾವಾಹಿಯ ತಂಡವೊಂದು ಬಂದಿತ್ತು. ಸೆರೆಮನೆಯ ಕಾವಲುಗಾರನ ಶಿರಸ್ತ್ರಾಣವನ್ನು ಯಾರೋ ಅಳತೆ ತಪ್ಪಿ ಹಂಡೆಯಷ್ಟು ಮಾಡಿಟ್ಟಿದ್ದರು. ಅದು ಕೂಡುವ ತಲೆ ಇಡೀ ಸೀಮೆಯಲ್ಲಿ ಮಾಮಾನದೊಂದೇ. ಮುಖವೆಲ್ಲ ಮುಚ್ಚುತ್ತದೆ ಎಂದ ಮೇಲೆ ಅವನೂ ಒಪ್ಪಿದ. ಟೀವಿಯಲ್ಲಿ ಬಂದಾಗ ಊರೆಲ್ಲ ನೋಡಿತು. ಗುರುತು ಹಿಡಿದವಳು ಅತ್ತೆ ಮಾತ್ರ, ಅದೂ ನಡುಗುವ ಕೈ ನೋಡಿ.

ಪಾತ್ರ ಸಣ್ಣದು. ಸರ್ವಾಧಿಕಾರಿ ಬಂದಾಗ "ಅಪ್ಪಣೆ" ಅನ್ನಬೇಕು. ಅವನು ಅತ್ತ ಹೋದ ಮೇಲೆ ಸೆರೆಯಲ್ಲಿದ್ದ ಒಂಬತ್ತು ಬಂಡಾಯಗಾರರಿಗೆ ರೊಟ್ಟಿಯಂಥದೇನನ್ನೋ ಕದ್ದು ಕೊಡಬೇಕು, ಹೊರಗಿನ ಸುದ್ದಿ ಮುಟ್ಟಿಸಬೇಕು. ಒಂದು ಕಂತಿನ ಕೊನೆಗೆ ಮಾಮಾ ಅವರನ್ನು ಬಿಡಿಸಲೆಂದು ಕೀಲಿಗೆ ಕೀಲಿಕೈ ಹಾಕಿದ. ಹಿಂದೆ ಬೂಟಿನ ಸಪ್ಪಳ ಕೇಳಿತು. ಉಳಿದದ್ದು ಮುಂದಿನ ವಾರ ಎಂದು ಅಕ್ಷರ ಬಂತು. ಮುಂದಿನ ವಾರ ಅದೇ ಹೊತ್ತಿಗೆ ಒಬ್ಬ ಹೆಂಗಸು ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದಳು! ಧಾರಾವಾಹಿ ನಿಂತುಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಎಣ್ಣೆಗಾಯಿ ನೋಡಿ ಸುಮ್ಮನಾಗುತ್ತಿದ್ದರು. ಆದರೆ ಮಾಮಾನ ಮೇಳದಲ್ಲಿ ಒಂದು ನಿಯಮವಿದೆ. ಆಟ ಮುಗಿದು ಮಂಗಳದ ಪದ ಹಾಡುವವರೆಗೆ ಯಾರೂ ಪಾತ್ರ ಕಳಚುವಂತಿಲ್ಲ. ಈ ಆಟಕ್ಕೆ ಮಂಗಳವೇ ಆಗಿಲ್ಲವಲ್ಲ! ಅಂದಮೇಲೆ ಮಾಮಾ ಇನ್ನೂ ಕೋಟೆಯೊಳಗೇ ಇದ್ದಾನೆ, ಬೆನ್ನ ಹಿಂದೆ ಬೂಟಿನ ಸಪ್ಪಳವೂ ಇದೆ. ಬೆಳ್ಳಿಬಣ್ಣ ಬಳಿದ ಆ ಕಟ್ಟಿಗೆಯ ಕೀಲಿಕೈ ಅವನ ಎಲೆ ಅಡಿಕೆಯ ಚಂಚಿಯಲ್ಲೇ ಉಳಿಯಿತು.

ಅಲ್ಲಿಂದಾಚೆಗಿನ ಅವನ ಅಂಜಿಕೆಯನ್ನು ಏನೆಂದು ಹೇಳಲಿ? ಬಸ್ಸಿನಲ್ಲಿ ಕಟ್ಟಕಡೆಯ ಸೀಟೇ ಬೇಕು, ಬೆನ್ನ ಹಿಂದೆ ಯಾರೂ ಕೂರಬಾರದು. ಅದು ಸಿಗದಿದ್ದರೆ ಇಳಿದು ಇನ್ನೊಂದು ಬಸ್ಸಿಗೆ ಕಾಯುವುದು. ಹೀಗೆ ಕಾಯ್ದೂ ಕಾಯ್ದೂ ಸಂತೆ ಎದ್ದ ಮೇಲೆ ಮೂಡಲಗಿ ಮುಟ್ಟಿದ್ದುಂಟು. ಹುಕ್ಕೇರಿಯ ಮದುವೆಯಲ್ಲಂತೂ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಡ್ರೋನ್ ಕ್ಯಾಮೆರಾ ಗುಂಯ್ ಎಂದು ಮೇಲೆ ಬಂತು. ಸರ್ವಾಧಿಕಾರಿಯ ಕಣ್ಣೇ ಬಂತೆಂದು ಮಾಮಾ ಅಡುಗೆಯವರ ಕಡೆ ಓಡಿ ಹುಗ್ಗಿಯ ಕೊಪ್ಪರಿಗೆಯ ಹಿಂದೆ ಅಡಗಿದ. ಆ ವಿಡಿಯೊ ಈಗಲೂ ಇದೆ. ಎಲ್ಲರೂ ತಲೆ ಎತ್ತಿ ನಗುತ್ತಿದ್ದಾರೆ, ಒಬ್ಬ ಮಾತ್ರ ಧೋತರದ ಚುಂಗು ಹಿಡಿದು ಓಡುತ್ತಿದ್ದಾನೆ. ಮದುಮಗನಿಗಿಂತ ಹೆಚ್ಚು ಹೊತ್ತು ಅವನೇ ಕಾಣುತ್ತಾನೆ!

ಬೇಸತ್ತ ಅತ್ತೆ ಒಂದು ದಿನ ಮೇಳದ ನಾಲ್ವರನ್ನು ಕರೆಸಿ, ನಿಂತುಹೋದ ಧಾರಾವಾಹಿಗೆ ಪಡಸಾಲೆಯಲ್ಲೇ ಮಂಗಳ ಹಾಡಿಸಲು ಹೊರಟಳು. ಅವರು ತಾಳ ಎತ್ತುವಷ್ಟರಲ್ಲಿ ಮಾಮಾ ಅದರ ಮೇಲೆ ಕೈ ಇಟ್ಟ.

"ಈಗ ಮಂಗಳ ಆದ್ರ ಒಳಗಿನ ಒಂಬತ್ತ ಮಂದಿ ಗತಿ ಏನು?"

ಮೇಳದವರು ತಾಳ ಕೆಳಗಿಟ್ಟರು. ನಾನು ನಗು ತಡೆದುಕೊಂಡು, ಇಷ್ಟು ಹೆದರುವವನು ಆ ಕೀಲಿಕೈ ಎಸೆದು ಪಾರಾಗಬಾರದೇ ಎಂದು ಕೇಳಿದೆ.

"ಅಂಜಿಕಿ ಬರ್ತೈತಿ, ಖರೆ," ಅಂದ. "ಆದ್ರ ಕೀಲಿಕೈ ನನ್ನ ಕೈಯಾಗ ಐತೆಲ್ಲ ತಂಗಿ."

ಹೋದ ತಿಂಗಳು ಮಾಮಾನಿಗೆ ಎದೆ ನೋವು ಬಂತು. ಗೋಕಾಕದ ಆಸ್ಪತ್ರೆಯಲ್ಲಿ ಆಪರೇಶನ್ ಇವತ್ತೇ ಆಗಬೇಕೆಂದರು. ಡಾಕ್ಟರು ಭರವಸೆ ಕೊಡಲಿಲ್ಲ, ಪ್ರಯತ್ನ ಮಾಡುತ್ತೇವೆ ಎಂದಷ್ಟೇ ಹೇಳಿದರು. ಮೈಮೇಲೆ ಏನೂ ಇರಬಾರದೆಂದು ನರ್ಸು ಹೇಳಿದಾಗ ಮಾಮಾ ಕೊರಳ ಲಿಂಗವನ್ನು ಅತ್ತೆಯ ಕೈಗೆ ಕೊಟ್ಟ, ಚಂಚಿಯಿಂದ ಕೀಲಿಕೈ ತೆಗೆದು ನನ್ನ ಕೈಗೆ ಕೊಟ್ಟ.

"ನಾ ಬರದಿದ್ರ ನೀ ಬಾಗಲಾ ತಗಿ. ಹಿಂದ ಹೊಳ್ಳಿ ನೋಡಬ್ಯಾಡ."

ಆಪರೇಶನ್ ಕೋಣೆಯ ಬಾಗಿಲು ಮುಚ್ಚಿತು. ನನಗೆ ನಗು ಬರಲಿಲ್ಲ. ಇಷ್ಟು ದಿನ ಅವನನ್ನು ಆಡಿಕೊಂಡು ನಕ್ಕವಳು ನಾನು. ಈಗ ಮುಚ್ಚಿದ ಬಾಗಿಲ ಮುಂದೆ ಕೀಲಿಕೈ ಹಿಡಿದು ನಿಂತಿದ್ದೆ. ಹಿಂದೆ ಯಾರ ಚಪ್ಪಲಿ ಸಪ್ಪಳವಾದರೂ ಕೀಲಿಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಬಂದವರು ಏನು ಸುದ್ದಿ ಹೇಳುತ್ತಾರೋ? ಹೆದರಿಕೆ ಎಂದರೇನೆಂದು ಅವತ್ತು ನನಗೆ ತಿಳಿಯಿತು. ಸಪ್ಪಳ ನಿಂತ ಮೇಲೆ, ಹಿಂದೆ ಹೊರಳಿ ನೋಡದೆ, ಕಟ್ಟಿಗೆಯ ಕೀಲಿಕೈಯನ್ನು ಆ ಬಾಗಿಲ ಸಂದಿಗೆ ಹಚ್ಚಿ ತಿರುಗಿಸಿದೆ. ನಗುವವರು ನಗಲಿ.

ಮರುದಿನ ಮಧ್ಯಾಹ್ನ ಮಾಮಾ ಕಣ್ಣು ತೆರೆದ. ಮೊದಲು ನೋಡಿದ್ದು ನನ್ನನ್ನು.

"ತಗದ್ಯಾ?"

"ತಗದೆ ಮಾಮಾ."

"ಎಷ್ಟ ಮಂದಿ ಹೊರಗ ಬಂದ್ರು?"

"ಹತ್ತ ಮಂದಿ," ಅಂದೆ. "ನಿನ್ನೂ ಕೂಡಿಸಿ."

 ಮಾಮಾ ಅತ್ತೆಯ ಕಡೆ ಹೊರಳಿ, ಹಾಗಾದರೆ ಮಂಗಳ ಹಾಡು ಅಂದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ಸಾಲನ್ನು ಹೇಗೋ ಹಾಡಿದಳು, ಮುಂದೆ ಅವಳಿಗೆ ದನಿಯೇ ಬರಲಿಲ್ಲ. ಎರಡನೆಯ ಸಾಲನ್ನು, ಮಲಗಿದಲ್ಲೇ, ನಡುಗದ ಕೈಯಿಂದ ಮಂಚದ ಸರಳಿಗೆ ತಾಳ ಹಾಕುತ್ತ, ನಮ್ಮ ಹಿಮ್ಮೇಳದವನು ಎತ್ತಿಕೊಂಡ.