ಎಥನಾಲ್ ಉಂಡಿಯ ಕುರಿತು ಇಂಗಾಲದವರಿಗೆ ದೂರು

ಮಾನ್ಯ ಇಂಗಾಲ ಪರಮಾಣುಗಳೇ,

ಕಬ್ಬಿನಲ್ಲೂ ಸಗಣಿಯಲ್ಲೂ ಸಮಾನ ಭಾವದಿಂದ ನೆಲೆಸಿರುವ ತಮಗೆ ಉಗಾರ ಬುದ್ರುಕದ ಅನುಸೂಯಾಳ ನಮಸ್ಕಾರಗಳು. ತಮಗೆ ನಾಲ್ಕು ಕೈಗಳಿವೆಯೆಂದೂ, ನಾಲ್ಕೂ ಯಾರನ್ನಾದರೂ ಹಿಡಿದುಕೊಳ್ಳದ ಹೊರತು ತಮಗೆ ಸಮಾಧಾನವಿಲ್ಲವೆಂದೂ ಹತ್ತನೇ ತರಗತಿಯ ನನ್ನ ಮಗಳು ಸೌಂದರ್ಯಾಳಿಂದ ತಿಳಿದೆ. ಎರಡೇ ಕೈಯಲ್ಲಿ ರೊಟ್ಟಿ ಬಡಿದು ಎಮ್ಮೆ ಹಿಂಡುವ ನನಗೆ ತುಸು ಹೊಟ್ಟೆಕಿಚ್ಚೂ ಆಯಿತು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಅವಳು ಎಥನಾಲ್ ಅಣು ಕಟ್ಟಿದಳು. ತಮ್ಮ ಪಾತ್ರಕ್ಕೆ ಎರಡು ಎಳ್ಳುಂಡಿ, ಆಕ್ಸಿಜನ್ನಿಗೆ ಒಂದು ಬೇಸನ್ ಉಂಡಿ, ಹೈಡ್ರೋಜನ್ನಿಗೆ ಆರು ದ್ರಾಕ್ಷಿ; ಕೈಗಳ ಬದಲು ಹೊಸ ಕಸಬರಿಗೆಯ ಕಡ್ಡಿ. ಅದೇ ದಿನ ನನ್ನ ಅತ್ತೆ ಕಾಳವ್ವನ ತಮ್ಮ ದಶರಥ ಅಜ್ಜ ಕೊಗನೊಳ್ಳಿಯಿಂದ ಬಂದರು. ಕೊರಳಲ್ಲಿ ತುಳಸಿಮಾಲೆ ಧರಿಸಿ, ಹನ್ನೆರಡು ವರ್ಷಗಳಿಂದ ಪಂಢರಪುರಕ್ಕೆ ನಡೆದು ಹೋಗುವ, ಮದ್ಯದ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಹಿರಿಯರು. ಅತ್ತೆ ತಟ್ಟೆಯಲ್ಲಿ ಕಂಡ ಬೇಸನ್ ಉಂಡಿಯನ್ನು ಕಡ್ಡಿಯಿಂದ ಕಿತ್ತು ತಮ್ಮನಿಗೆ ಕೊಟ್ಟರು. ಅವರು ತಿಂದು, ತುಪ್ಪ ಚೆನ್ನಾಗಿದೆ ಎಂದು ಹೊಗಳಿ ಮುಗಿಸುವಷ್ಟರಲ್ಲಿ ಸೌಂದರ್ಯಾ ಬಂದು, "ಅಜ್ಜಾ, ಅದು ನನ್ನ ಆಲ್ಕೋಹಾಲ್ ರೀ" ಎಂದಳು.

ಅಜ್ಜ ವ್ರತ ಕೆಟ್ಟಿತೆಂದು ಮಾಲೆ ತೆಗೆದು ದೇವರ ಮುಂದಿಟ್ಟು, ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕೂತರು. ನಾವು ಕೈಮುಗಿದೆವು, ಅತ್ತೆ ಅತ್ತರು. ಕೊನೆಗೆ ಸೌಂದರ್ಯಾ ಉಳಿದ ಅಣುವನ್ನು ಅವರ ಎದುರಿಗಿಟ್ಟು, ಪಾಟಿಯ ಮೇಲೆ ಎಲ್ಲರ ಕೈಗಳನ್ನೂ ಗೆರೆ ಎಳೆದು ತೋರಿಸಿದಳು.

"ನೀವು ತಿಂದಿದ್ದು ಬರೇ ಆಕ್ಸಿಜನ್ ರೀ ಅಜ್ಜಾ. ದಿನಾ ಉಸಿರಿನ್ಯಾಗ ಒಳಗ ಹೋಗೂದು ಅದ."

ಅಜ್ಜ ತಾವೇ ಬೆರಳು ಮಡಿಸಿ ಎಣಿಸಿದರು. ಇಂಗಾಲದವರಾದ ತಮ್ಮದೊಂದು ಕೈ ಖಾಲಿ ಇತ್ತು, ಒಂದು ದ್ರಾಕ್ಷಿ ಅನಾಥವಾಗಿತ್ತು. ಎರಡನ್ನೂ ಕೂಡಿಸಿ, "ಈಗ ಏನಾತಿದು?" ಎಂದರು. ಈಥೇನ್, ಉರಿಯುವ ಅನಿಲ ಎಂದಳು. ಮದ್ಯವಲ್ಲ, ಸೆರೆಯಲ್ಲ ಎಂದು ಖಾತ್ರಿಯಾದ ಮೇಲೆ ಅಜ್ಜ ಮಾಲೆ ಧರಿಸಿದರು, ನಾಲ್ಕು ರೊಟ್ಟಿ ಉಂಡರು.

ಇಲ್ಲಿಗೆ ಮುಗಿದಿದ್ದರೆ ನಾನು ತಮ್ಮ ಗುಣಗಾನ ಮಾಡುತ್ತ ಸುಮ್ಮನಿರುತ್ತಿದ್ದೆ. ಆದರೆ ಮರುದಿನ ಅಜ್ಜ ಪ್ರದರ್ಶನಕ್ಕೂ ಹೋಗಿ, ಮೊಮ್ಮಗಳ ಮೇಜಿನ ಪಕ್ಕ ನಿಂತು, ಬಂದವರಿಗೆಲ್ಲ ತಾವೇ ಪಾಠ ಹೇಳಿದರು: "ಒಂದ ಬೇಸನ್ ಉಂಡಿ ತಿಂದ್ರ ಸೆರೆ ಹೋಗಿ ಗ್ಯಾಸ್ ಆಗ್ತೈತಿ. ನಾನ ತಿಂದೇನಿ." ಸೌಂದರ್ಯಾಳಿಗೆ ಎರಡನೇ ಬಹುಮಾನ ಬಂತು. ನನಗೆ ಬಂದದ್ದು ಹೆಂಗಸರ ಸಾಲು. ಅಂಕಲಿಯಿಂದಲೂ ಬರುತ್ತಾರೆ, ಗಂಡಂದಿರ ಕುಡಿತ ಬಿಡಿಸಲು ಉಂಡಿ ಕೇಳುತ್ತಾರೆ. ಇದು ಅಂಥದ್ದಲ್ಲವೆಂದರೆ, ನಮ್ಮೂರ ಕುಡುಕ ಕಾಡಸಿದ್ದನ ಹೆಂಡತಿಗೆ ಕೊಟ್ಟು ತಮಗೇಕಿಲ್ಲ ಎಂದು ಮುನಿಯುತ್ತಾರೆ. ಕಾಡಸಿದ್ದನೋ, ಉಂಡಿಯ ಆಸೆಗೆ ಈಗ ಹೊತ್ತಿಗೆ ಮುಂಚೆ ಕುಡಿಯುತ್ತಾನೆ.

ಆದ್ದರಿಂದ ತಾವು ದಯಮಾಡಿ ಒಂದು ದಿನ ಕಣ್ಣಿಗೆ ಕಾಣುವಷ್ಟು ದೊಡ್ಡವರಾಗಿ ನಮ್ಮ ಊರಿಗೆ ಬಂದು, ನಿಜ ಸಂಗತಿ ಹೇಳಿ ಹೋಗಬೇಕು. ಅದಾಗದಿದ್ದರೆ ನನ್ನ ಉಂಡಿಗೆ ಆ ಶಕ್ತಿಯನ್ನು ನಿಜವಾಗಿಯೇ ದಯಪಾಲಿಸಬೇಕು; ನನ್ನ ಅಡ್ಡಿಯೇನೂ ಇಲ್ಲ.

ಕಡಾಯಿಯ ಮುಂದೆ ಕೂತೇ ಬರೆದ,
ತಮ್ಮ ವಿಶ್ವಾಸಿ,
ಅನುಸೂಯಾ

ವಿ.ಸೂ.: ತಾವು ಮನಸ್ಸು ಮಾಡಿದರೆ ವಜ್ರವೂ ಆಗಬಲ್ಲಿರಂತೆ. ನಮ್ಮ ಮನೆಗೆ ಮಾತ್ರ ಇದುವರೆಗೆ ಮಸಿಯಾಗಿಯೇ ಬಂದಿದ್ದೀರಿ. ಇಂಥ ನೆಂಟರು ನಮಗೆ ಇನ್ನೂ ಕೆಲವರಿದ್ದಾರೆ.