ಬೀಗದಣ್ಣ ದೋಣಿ ಹತ್ತಿದ ದಿನ

ಊರಿನ ಬಾಗಿಲುಗಳಿಗೆಲ್ಲ ಬೀಗ ಕೂರಿಸುವ ಬೀಗದಣ್ಣನಿಗೆ ತನ್ನ ಮನೆಯ ಬಾಗಿಲನ್ನು ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡಂದಿನಿಂದ ಸಮಾಧಾನ ಹೇಳುವವರು ಹಸಿ ಬಣ್ಣಕ್ಕೆ ನೊಣ ಅಂಟಿಕೊಂಡಂತೆ ಅಂಟಿಕೊಂಡಿದ್ದರು. ಪಕ್ಕದ ಮನೆಯ ದರ್ಜಿ ಬೆಳಗಾದೊಡನೆ ಬಂದು, "ಅತ್ತುಬಿಡಣ್ಣಾ, ಹಗುರಾಗುತ್ತೆ" ಎನ್ನುವನು. ಒಳಗಿನಿಂದ ಬೀಗದಣ್ಣನ ಅಕ್ಕ, "ಅಳಿಸಬೇಡಪ್ಪಾ ಅವನನ್ನ!" ಎಂದು ಕೂಗುವಳು. ಈ ಗದ್ದಲದಲ್ಲಿ ಸತ್ತವಳನ್ನು ನೆನೆಯುವುದಕ್ಕೇ ಅವನಿಗೆ ಬಿಡುವಿರಲಿಲ್ಲ. ಅವಳ ದನಿಯೇ ಮರೆತುಹೋದೀತೆಂಬ ದಿಗಿಲು ಹತ್ತಿತು.

ಅದಕ್ಕೇ ಒಂದು ದಿನ ಯಾರಿಗೂ ಹೇಳದೆ ಕೆರೆಗೆ ಹೋದ. ಮದುವೆಯಾದ ಹೊಸದರಲ್ಲಿ ಗಂಡಹೆಂಡಿರು ಅಲ್ಲಿ ಹಾಯಿದೋಣಿ ನಡೆಸುತ್ತಿದ್ದರು. ದೋಣಿಯ ಮುದುಕ ಚಿಕ್ಕದೊಂದನ್ನು ಬಿಚ್ಚಿಕೊಟ್ಟು ಊಟಕ್ಕೆ ಹೋದ. ಒದ್ದೆಯಾದೀತೆಂದು ಬೀಗದಣ್ಣ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಜೋಡಿಸಿ, ಅದರ ಮೇಲೆ ಕನ್ನಡಕವನ್ನು ಮಡಿಸಿಟ್ಟು, ಹಾಯಿ ಬಿಚ್ಚಿದ.

ಗಾಳಿ ಹದವಾಗಿತ್ತು. ನಡುಗೆರೆಯಲ್ಲಿ ನೀರು ದೋಣಿಯ ಪಕ್ಕೆಗೆ ಬಡಿಯುವ ಸದ್ದೊಂದೇ. ಆಗ ಅವಳ ದನಿ ಬಂತು. "ರೀ, ಹಗ್ಗ ಸಡಿಲ ಬಿಡಿ ಅಂದ್ನಲ್ಲ, ಕಿವಿ ಎಲ್ಲಿಟ್ಟಿದೀರಿ?" ಎಂದು ಗದರುವ ಅದೇ ದನಿ. ಬೀಗದಣ್ಣ ನಕ್ಕ, ಕಣ್ಣೊರೆಸಿಕೊಂಡ, ದೇವರಿಗೆ ಕೈ ಮುಗಿದ.

ಕೈ ಮುಗಿದದ್ದೇ ತಪ್ಪಾಯಿತು. ಅವನನ್ನು ಬೀದಿಬೀದಿ ಹುಡುಕುತ್ತ ಕೆರೆದಡಕ್ಕೆ ಬಂದ ದರ್ಜಿ ಮೊದಲು ಚಪ್ಪಲಿ ನೋಡಿದ, ಆಮೇಲೆ ಕನ್ನಡಕ ನೋಡಿದ, ಈಗ ದೂರದಲ್ಲಿ ಮುಗಿದ ಕೈ ನೋಡಿ ಬೆಚ್ಚಿಬಿದ್ದ. "ಅಯ್ಯೋ, ಹಾರ್ತಾನೆ! ಅಕ್ಕಾ, ಓಡಿ ಬನ್ನಿ!"

ಗಳಿಗೆಯಲ್ಲಿ ಬೀದಿಗೆ ಬೀದಿಯೇ ದಡಕ್ಕೆ ಬಂತು. ಕನ್ನಡಕವಿಲ್ಲದ ಬೀಗದಣ್ಣನಿಗೆ ಕಂಡದ್ದು ಬಣ್ಣಬಣ್ಣದ ಮಸುಕು ಮಾತ್ರ. ಯಾರೋ ಕೈ ಬೀಸುತ್ತಿದ್ದಾರೆಂದು ತಾನೂ ಸಂತೋಷದಿಂದ ಬೀಸಿದ.

"ಕಡೇ ಸಲ ಕೈ ಬೀಸ್ತಿದ್ದಾನಲ್ರೋ!" ಅಕ್ಕ ನೆಲಕ್ಕೆ ಕುಸಿದಳು.

ದರ್ಜಿ ಇನ್ನೊಂದು ದೋಣಿಗೆ ನಾಲ್ವರನ್ನು ತುಂಬಿಕೊಂಡು ಗೂಳಿಯಂತೆ ಬಂದು ಗುದ್ದಿದ. "ದುಡುಕಬೇಡಣ್ಣಾ!" ಎಂದು ಹಾರಿ ಸೊಂಟ ತಬ್ಬಿದ. ತಬ್ಬಿದ ರಭಸಕ್ಕೆ ಹಾಯಿದೋಣಿ ಮಗುಚಿ ಇಬ್ಬರೂ ನೀರಿಗೆ! ಈಜು ಬಾರದ ದರ್ಜಿಯನ್ನು ಕೂದಲು ಹಿಡಿದು ದಡಕ್ಕೆ ತಂದವನು ಬೀಗದಣ್ಣನೇ. ಉಳಿದವರು ಮಗುಚಿದ ದೋಣಿಯನ್ನು ಎಳೆದು ತಂದರು. ಜನ ಮಾತ್ರ ಚಪ್ಪಾಳೆ ತಟ್ಟಿದ್ದು ದರ್ಜಿಗೆ.

"ಇನ್ಮೇಲೆ ಇವನನ್ನ ಒಂಟಿಯಾಗಿ ಬಿಡೋದೇ ಬೇಡ," ಎಂದಳು ಅಕ್ಕ. "ಹಗಲೂ ರಾತ್ರಿ ಯಾರಾದ್ರೂ ಪಕ್ಕದಲ್ಲಿ ಇರ್ಲೇಬೇಕು."

ಬೀಗದಣ್ಣನ ಜೀವ ಬಾಯಿಗೆ ಬಂತು. "ಅಕ್ಕಾ, ದೇವರಾಣೆ ನಾನು ಸಾಯೋಕೆ ಹೋಗಿರ್ಲಿಲ್ಲ! ಆ ನೀರಿನ ನಡುವೆ ಎಂಥ ನೆಮ್ಮದಿ ಅಂತೀಯ! ಎದೆ ಮೇಲಿನ ಚಪ್ಪಡಿ ಎತ್ತಿಟ್ಟ ಹಾಗಾಯ್ತು. ಅಂಥ ಸುಖ ಇನ್ನೆಲ್ಲೂ ಇಲ್ಲ!"

ಅಕ್ಕ ಅವನ ಮುಖವನ್ನೇ ದಿಟ್ಟಿಸಿದಳು. "ನಿಜ ಕಣ್ರೋ, ಮುಖದಲ್ಲಿ ಕಳೆ ಬಂದಿದೆ. ಹಾಗಾದ್ರೆ ಕಾವಲು ಬೇಡ."

ಬೀಗದಣ್ಣ ನಿಟ್ಟುಸಿರುಬಿಟ್ಟು ತಿರುಗಿದ. ದರ್ಜಿ ಒದ್ದೆ ಹಾಯಿಯನ್ನು ನೆಲಕ್ಕೆ ಹರಡಿ ಟೇಪು ಹಿಡಿದು ಅಳೆಯುತ್ತಿದ್ದ.

"ಏನಯ್ಯಾ ಮಾಡ್ತಿದೀಯ?"

"ಇದು ಎಲ್ಲಿ ಸಾಲುತ್ತಣ್ಣಾ? ದೊಡ್ಡ ದೋಣಿಗೆ ದೊಡ್ಡ ಹಾಯಿ ಹೊಲೀತೀನಿ. ಅಂಥ ಸುಖ ಅಂದ್ಮೇಲೆ ಭಾನುವಾರದಿಂದ ಬೀದಿಯವರೆಲ್ಲ ನಿನ್ನ ಜೊತೆಗೇ!"

ಬೀಗದಣ್ಣ ಬಾಯಿ ತೆರೆದ. ಮಾತು ಹೊರಡಲಿಲ್ಲ.

"ಪಾಪ, ನೋಡ್ರೋ," ಎಂದಳು ಅಕ್ಕ ಕಣ್ಣೊರೆಸಿಕೊಂಡು, "ಸಂತೋಷಕ್ಕೆ ಮಾತೇ ಬರ್ತಿಲ್ಲ."