ಕಾಫಿ ಫಿಲ್ಟರ್ ಎಂಬ ಯುದ್ಧನೌಕೆ

ಸಿನಿಮಾದವರು ಚರಿತ್ರೆಯನ್ನು ಯಥಾವತ್ತಾಗಿ ತೋರಿಸಬಾರದು. ಅದರಿಂದ ಸಂಸಾರಸ್ಥರಿಗೆ ಬಹಳ ತೊಂದರೆ.

ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಆದರೆ ಓಲ್ಡ್ ಟೌನಿನಲ್ಲಿ ನನ್ನ ಹೆಸರು ನೇವಿ ಶಿವಯೋಗಪ್ಪ. ಎರಡನೇ ಮಹಾಯುದ್ಧದಲ್ಲಿ ಸರಕಿನ ಹಡಗುಗಳಿಗೆ ಕಾವಲಾಗಿ ಹೋಗುವ ಯುದ್ಧನೌಕೆಯಲ್ಲಿ ನಿಂತು ಶತ್ರುವನ್ನು ಎದುರಿಸಿದ ವೀರಗಾಥೆಯನ್ನು ಹದಿನೇಳು ವರ್ಷಗಳಿಂದ ಹೇಳುತ್ತ ಬಂದಿದ್ದೆ. (ತುದಿ ಮೇಲಕ್ಕೆ ತಿರುಗಿದ ನನ್ನ ಮೀಸೆಯೇ ಸಾಕ್ಷಿ. ಅದು ಮದುವೆಗೂ ಮೊದಲೇ ಬೆಳೆದದ್ದು ಎಂಬುದು ಬೇರೆ ಮಾತು.) ನೆಂಟರ ಮುಂದೆ ಸರಕಿನ ಹಡಗುಗಳೆಂದು ಸುತ್ತಲೂ ಲೋಟಗಳನ್ನು ಜೋಡಿಸಿ, ನಡುವೆ ಕಾಫಿ ಫಿಲ್ಟರನ್ನಿಟ್ಟು, "ಇದೇ ನಮ್ಮ ಹಡಗು" ಎನ್ನುತ್ತಿದ್ದೆ. ನನ್ನ ಹೆಂಡತಿ ಕಾಶಮ್ಮ ಬಾಗಿಲ ಬಳಿ ನಿಂತು ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವಳಲ್ಲಿ ಒಂದೇ ವಿಚಿತ್ರ. ನಮ್ಮ ಬೀದಿಯ ವೀರಭದ್ರನ ಗುಡಿಯ ಮುಂದೆ ಹಾಯುವಾಗ ಮುಖ ತಿರುಗಿಸುವಳು, ಒಳಗೆ ಕಾಲಿಡಳು. ಕೇಳಿದರೆ, "ಅದು ನಂಗೂ ಅವನಿಗೂ ಇರೋ ವಿಷ್ಯ" ಎನ್ನುವಳು.

ಒಮ್ಮೆ ಶಿವಮೊಗ್ಗದ ಟಾಕೀಸಿಗೆ ಅಂಥ ಕಾವಲು ಹಡಗುಗಳದೇ ಇಂಗ್ಲಿಷ್ ಸಿನಿಮಾ ಬಂತು. "ನೀವು ಪಟ್ಟ ಪಾಡು ಒಂದ್ಸಲ ಕಣ್ಣಾರೆ ನೋಡ್ಬೇಕು ರೀ" ಎಂದು ಹಠ ಹಿಡಿದಳು. ಭಾನುವಾರದ ಮ್ಯಾಟಿನಿಗೆ ಹೋದೆವು.

ತೆರೆಯ ಮೇಲೆ ಸಮುದ್ರ ಕಂಡ ಕೂಡಲೆ ಮುಂಜಾಗ್ರತೆಯಾಗಿ ತಪ್ಪು ಹಿಡಿಯತೊಡಗಿದೆ.

"ಅಲೆ ಅಷ್ಟೆತ್ತರ ಏಳಲ್ಲ. ಕ್ಯಾಪ್ಟನ್ ಟೋಪಿ ಹಂಗೆ ಹಾಕಲ್ಲ."

"ರೀ, ಕಾವಲಿನ ಹಡಗು ಅಂಚಲ್ಲಿ ಸುತ್ತುತ್ತಾ ಇದೆಯಲ್ಲ? ನಿಮ್ಮ ಫಿಲ್ಟರು ಯಾಕೆ ನಡುವೆ ಇರ್ತಿತ್ತು?"

"ಇವರಿಗೆ ಚರಿತ್ರೆ ಏನು ಗೊತ್ತು, ಮಾರಾಯ್ತಿ!"

"ಅಲ್ಲಾರೀ, ದನ ಕಾಯೋರು ದನಗಳ ನಡುವೆ ಅಡಗಿ ಕೂತ್ರೆ ಕಾಯೋದು ಹೆಂಗೆ?"

ಹಿಂದಿನ ಸಾಲು ಕಿಸಕ್ಕೆಂದಿತು. "ಎಲ್ಲಾ ತಪ್ಪು ಅಂತ ಪೇಪರಿಗೇ ಬರೀತೀನಿ" ಎಂದು ಮೀಸೆ ತಿರುವಿದೆ.

ಅಷ್ಟರಲ್ಲಿ ಒಂದು ಹಡಗು ಮುಳುಗಿತು. ಎಣ್ಣೆ ಹರಡಿದ ಕಪ್ಪು ನೀರಿನಲ್ಲಿ ಹುಡುಗರ ತಲೆಗಳು ತೇಲಿದವು. ಒಂದೊಂದಾಗಿ ಕೂಗು ನಿಂತಿತು. ಕಾಶಿ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದಳು.

"ಇಂಥದ್ರಲ್ಲಿ ನೀವಿದ್ರಾ?"

ಆ ಹುಡುಗರು ತೊಟ್ಟಿದ್ದಂಥ ಉಣ್ಣೆಯಂಗಿಗಳನ್ನು ಒಂದು ಕಾಲದಲ್ಲಿ ನಾನು ಮಡಿಸಿ ಕೊಟ್ಟಿದ್ದೆ. ತೊಟ್ಟುಹೋದವರಲ್ಲಿ ಎಷ್ಟೋ ಮಂದಿ ಮರಳಲಿಲ್ಲ. ಆಮೇಲೆ ಒಂದು ತಪ್ಪನ್ನೂ ನಾನು ಹಿಡಿಯಲಿಲ್ಲ.

ಸಂಜೆ ಬಸ್ಸಿನಲ್ಲಿ ಹೇಳಿಬಿಟ್ಟೆ. "ಕಾಶಿ, ಸಿನಿಮಾದಲ್ಲಿ ತಪ್ಪಿಲ್ಲ, ನನ್ನ ಕಥೆಯಲ್ಲೇ ತಪ್ಪು. ಬೊಂಬಾಯಿ ಬಂದರಿನ ಉಗ್ರಾಣದಲ್ಲಿ ಕೂತು ನಾವಿಕರಿಗೆ ಬಟ್ಟೆ, ಕಂಬಳಿ ಕೊಡ್ತಿದ್ದೆ. ಹಡಗು ಹತ್ತಿದವನಲ್ಲ."

"ಒಂದು ದಿನಾನೂ?"

"ಒಂದು ದಿನಾನೂ."

"ದೋಣಿ?"

"ಅದೂ ಇಲ್ಲ. ಅಲೆ ನೋಡಿದ್ರೆ ತಲೆ ತಿರುಗ್ತಿತ್ತು."

ಬಯ್ಗುಳಕ್ಕೆ ಸಿದ್ಧನಾಗಿ ಕುಳಿತೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಸೆರಗು ಸರಿಸಿದಾಗ ಮುಖ ಬೆಳಗುತ್ತಿತ್ತು.

"ಹಾಗಾದ್ರೆ ವೀರಭದ್ರ ನನ್ನ ಮಾತು ಕೇಳಿದ್ದ! ನೀವು ಬೊಂಬಾಯಿಗೆ ಹೋದ ದಿನ, ನನ್ನ ಗಂಡ ಹಡಗು ಹತ್ತದೇ ಇರ್ಲಿ ಅಂತ ಹರಕೆ ಹೊತ್ತಿದ್ದೆ. ನೀವು ಬಂದು ಹಡಗಿನ ಕಥೆ ಹೇಳಿದ್ರಿ. ಅವನು ನನ್ನ ಕೈಬಿಟ್ಟ ಅಂದ್ಕೊಂಡು ಇಷ್ಟು ವರ್ಷ ಮುನಿಸ್ಕೊಂಡಿದ್ದೆ. ಪಾಪ, ಎಷ್ಟು ನೊಂದ್ಕೊಂಡ್ನೋ!"

ಬಸ್ಸಿಳಿದವಳೇ ನೇರ ಗುಡಿಗೆ ನಡೆದಳು. ಹೊಸ್ತಿಲಿಗೆ ಹಣೆಯಿಟ್ಟವಳು ಬಹಳ ಹೊತ್ತು ಏಳಲಿಲ್ಲ. ನನ್ನ ಕಣ್ಣೂ ತುಂಬಿತು.

"ಏನು ಕೊಡ್ತೀನಿ ಅಂದಿದ್ದೆ, ಕಾಶಿ? ತೀರಿಸಿಬಿಡೋಣ" ಎಂದೆ ಉದಾರವಾಗಿ.

ಅವಳು ನನ್ನ ಮುಖವನ್ನು, ಅದರಲ್ಲೂ ಮೂಗಿನ ಕೆಳಗಿನ ಪ್ರದೇಶವನ್ನು, ಕನಿಕರದಿಂದ ನೋಡಿದಳು.

"ಮದುವೆಯಾಗಿ ಮೂರು ತಿಂಗಳು. ನನ್ನದು ಅನ್ನೋಕೆ ಆಗ ಏನಿತ್ತು ರೀ? ನಿಮ್ಮ ಮೀಸೆ ಕೊಡ್ತೀನಿ ಅಂದಿದ್ದೆ."

ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಅದು ಸಂದಾಯವಾಯಿತು. ಕಾಶಿ ಸೆರಗಿನ ತುದಿಯಿಂದ ನನ್ನ ತುಟಿ ಒರೆಸಿ, "ಅಯ್ಯೋ, ಇಷ್ಟು ಪುಟ್ಟ ಮುಖಾನಾ ನಿಮ್ದು!" ಎಂದು ಕೆನ್ನೆ ಸವರಿದಳು.

ಸಂಜೆ ನೆಂಟರು ಬಂದರು. ಕಥೆ ಹೇಳಿ ಎಂದರು. ಈ ಸಲ ಕಾಶಿಯೇ ಲೋಟಗಳನ್ನು ಜೋಡಿಸಿದಳು. ಫಿಲ್ಟರನ್ನು ಮಾತ್ರ ಒಳಗೆ ಒಯ್ದು, ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನಕಾಯಿ ಜಾಡಿಯ ಹಿಂದೆ ಭದ್ರವಾಗಿಟ್ಟಳು.

"ಇವರು ಇಲ್ಲಿದ್ರು" ಎಂದಳು, ಹದಿನೇಳು ವರ್ಷಗಳಲ್ಲಿ ಎಂದೂ ಇಲ್ಲದ ಹೆಮ್ಮೆಯಿಂದ.